ಕಲಾಯಿ ಕಾಣದ ತಪ್ಪೇಲಿಯ ಎಣ್ಣೆ

ಎಣ್ಣೆಯ ಮಾದರಿ ತೆಗೆಯುವುದಕ್ಕೆ ಒಂದು ಕ್ರಮವಿದೆ. ಕಂದು ಗಾಜಿನ ಸೀಸೆಯೇ ಆಗಬೇಕು. ಅದನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು, ಒಂದು ಹನಿ ನೀರೂ ಉಳಿಯದಂತೆ ಒಣಗಿಸಿರಬೇಕು. ಎಣ್ಣೆಯನ್ನು ಕಂಠದವರೆಗೆ ತುಂಬಬೇಕು, ಮೇಲೆ ಗಾಳಿಗೆ ಜಾಗ ಬಿಡಬಾರದು. ಬಿರಡೆ ಒತ್ತಿ, ಬೆಳಕು ತಾಗದಂತೆ ಕಪ್ಪು ಕಾಗದ ಸುತ್ತಿ, ಎಲ್ಲಿಂದ ತೆಗೆದದ್ದು ಎಂಬ ಚೀಟಿಯನ್ನು ಅಲ್ಲೇ ನಿಂತು ಅಂಟಿಸಬೇಕು. ಆ ಚಳಿಗಾಲದಲ್ಲಿ ನಾನು ತುಂಬಿದ ಸೀಸೆಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲಕ್ಕೂ ಈ ಕ್ರಮವನ್ನು ತಪ್ಪದೆ ಪಾಲಿಸಿದೆ. ಆ ಒಂದರ ಸಂಗತಿಯನ್ನು ಇಷ್ಟು ವರ್ಷ ಯಾರಿಗೂ ಬರೆದು ಹೇಳಿರಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಆಂಧ್ರದ ಗಡಿಯೊಳಗಿನ ಆದವಾನಿಯ ಒಂದು ಶೇಂಗಾ ಎಣ್ಣೆ ಗಿರಣಿಯಲ್ಲಿ ಪರೀಕ್ಷೆಯ ಕೋಣೆ ನೋಡಿಕೊಳ್ಳುತ್ತಿದ್ದೆ. ಓದಿದ್ದು ಹೈಸ್ಕೂಲಿನವರೆಗೆ. ಮೊದಲಿದ್ದ ಕೆಮಿಸ್ಟರು ಬ್ಯುರೆಟ್ ಹಿಡಿಯುವುದನ್ನು ಕಲಿಸಿ ಬೇರೆ ಊರಿಗೆ ಹೋದ ಮೇಲೆ ಆ ಕೋಣೆಯ ಬೀಗದ ಕೈ ನನ್ನ ಜನಿವಾರಕ್ಕೆ ಬಂತು. ಎಣ್ಣೆಯಲ್ಲಿ ಹುಳಿಯ ಅಂಶ ಎಷ್ಟಿದೆ ಎಂದು ನೋಡಿ ಹೇಳುವುದಷ್ಟೇ ಕೆಲಸ. ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗಿದ ಹನಿಯಲ್ಲಿ ಕೈ ನಿಲ್ಲಿಸಬೇಕು. ಇದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿತ್ತು.

ದೀಪಾವಳಿ ಕಳೆದು ಹೊಸ ಶೇಂಗಾ ಬರುತ್ತಿದ್ದ ಹೊತ್ತಿಗೆ ದೂರದ ವೈದ್ಯಕೀಯ ಕಾಲೇಜಿನಿಂದ ಒಬ್ಬ ಡಾಕ್ಟರಮ್ಮ ಬಂದರು. ಮೈಸೂರು ಕಡೆಯ ಕನ್ನಡ, ನೂಲಿನ ಸೀರೆ, ಜೊತೆಯಲ್ಲಿ ಒಂದು ಪೆಟ್ಟಿಗೆ ತುಂಬ ಖಾಲಿ ಸೀಸೆ. ಮಾಲೀಕರ ಒಪ್ಪಿಗೆ ಪಡೆದು, ನನ್ನ ಕೋಣೆಯ ಒಂದು ಮೇಜನ್ನೂ ಮಧ್ಯಾಹ್ನದ ಮೇಲೆ ನನ್ನನ್ನೂ ಕೇಳಿ ಪಡೆದರು. ನಮ್ಮ ಸೀಮೆಯಿಂದ ಹೊಟ್ಟೆಯಲ್ಲಿ, ಅನ್ನನಾಳದಲ್ಲಿ ಕ್ಯಾನ್ಸರ್ ಆಗಿ ಬರುತ್ತಿದ್ದ ರೋಗಿಗಳನ್ನು ಅವರು ನೋಡಿದ್ದರು. ಅವರ ಮನೆಗಳಲ್ಲಿ, ಅವರು ತಿನ್ನುವ ಅಂಗಡಿಗಳಲ್ಲಿ ಎಂಥ ಎಣ್ಣೆ ಬಳಸುತ್ತಾರೆ ಎಂಬುದು ಡಾಕ್ಟರಮ್ಮನ ಪ್ರಶ್ನೆ.

“ಎಣ್ಣೆಯಿಂದ ಕ್ಯಾನ್ಸರ್ ಬರ್ತದೇನ್ರಿ?” ಎಂದು ನಾನು ಮೊದಲ ದಿನವೇ ಕೇಳಿದೆ.

“ಗೊತ್ತಿಲ್ಲ ಆಚಾರ್ರೇ. ಎಣ್ಣೆ ಗಾಳಿಯ ಜೊತೆ ಸೇರಿ ಕೆಡುತ್ತೆ, ಕಮಟು ವಾಸನೆ ಬರುತ್ತೆ ಅಲ್ವಾ, ಆಗ ಅದರಲ್ಲಿ ಹುಟ್ಟೋ ಕೆಲವು ವಸ್ತುಗಳು ಒಳ್ಳೆಯವಲ್ಲ. ಇಲಿಗಳಿಗೆ ತಿನ್ನಿಸಿ ನೋಡಿದವರಲ್ಲಿ ಕೆಲವರು ಹೌದು ಅಂತಾರೆ, ಕೆಲವರು ಇಲ್ಲ ಅಂತಾರೆ. ಮನುಷ್ಯ ಇಲಿಯ ಹಾಗೆ ಒಂದೇ ಪದಾರ್ಥ ತಿಂದು ಬದುಕಲ್ವಲ್ಲ. ಮೊದಲು ಜನ ನಿಜವಾಗಿ ಎಂಥ ಎಣ್ಣೆ ತಿಂತಾರೆ ಅಂತ ನೋಡೋಣ.”

ಗೊತ್ತಿಲ್ಲ ಎಂಬ ಮಾತನ್ನು ಅಷ್ಟು ಸಲೀಸಾಗಿ ಹೇಳುವ ಓದಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವರ ಕೆಲಸದ ಮೇಲೆ ನನಗೆ ಆಸೆ ಹುಟ್ಟಿದ್ದು ಅಲ್ಲಿಂದ.

ಅವರು ಕಲಿಸಿದ ಪರೀಕ್ಷೆ ನನಗೆ ಹೊಸದು. ಬಿರಡೆಯ ಗಾಜಿನ ಪಾತ್ರೆಗೆ ಎಣ್ಣೆ ತೂಗಿ ಹಾಕಿ, ಕ್ಲೋರೋಫಾರ್ಮ್ ಮತ್ತು ಅಸಿಟಿಕ್ ಆಮ್ಲ ಸೇರಿಸಿ ಕರಗಿಸಬೇಕು. ಪೊಟ್ಯಾಶಿಯಂ ಅಯೊಡೈಡಿನ ಗಟ್ಟಿ ದ್ರಾವಣವನ್ನು ಸ್ವಲ್ಪ ಹಾಕಿ ಅಲ್ಲಾಡಿಸಿ, ಒಂದು ನಿಮಿಷ ಕಪಾಟಿನ ಕತ್ತಲಲ್ಲಿ ಇಡಬೇಕು. ಎಣ್ಣೆ ಗಾಳಿಗೆ ಕೆಟ್ಟಿದ್ದರೆ ಅದರೊಳಗಿನ ಪೆರಾಕ್ಸೈಡು ಅಯೊಡಿನ್ನನ್ನು ಹೊರಡಿಸುತ್ತದೆ, ದ್ರಾವಣ ಹಳದಿಯಾಗುತ್ತದೆ. ನೀರು ಬೆರೆಸಿ, ಹಳದಿ ತೆಳುವಾಗುವವರೆಗೆ ಬ್ಯುರೆಟ್ಟಿನಿಂದ ಥಯೋಸಲ್ಫೇಟ್ ಬಿಟ್ಟು, ಆಮೇಲೆ ಗಂಜಿಯ ತಿಳಿ ಹಾಕಿದರೆ ಎಲ್ಲ ನೀಲಿ. ಆ ನೀಲಿ ಅಳಿದುಹೋಗುವುದಕ್ಕೆ ಎಷ್ಟು ಹನಿ ಬೇಕೋ ಎಣ್ಣೆ ಅಷ್ಟು ಕೆಟ್ಟಿದೆ ಎಂದು ಲೆಕ್ಕ. ನಮ್ಮ ಗಿರಣಿಯ ತಾಜಾ ಎಣ್ಣೆಗೆ ಎರಡು ಮೂರು ಹನಿ ಸಾಕಾಗುತ್ತಿತ್ತು. ನೀಲಿ ಹೀಗೆ ಬಂದು ಹಾಗೆ ಹೋಗುತ್ತಿತ್ತು.

ಮಾದರಿಗಾಗಿ ನಾನು ಕೌತಾಳಂ, ಎಮ್ಮಿಗನೂರು, ಅವುಗಳ ಸುತ್ತಿನ ಹಳ್ಳಿಗಳಿಗೆ ಬಸ್ಸಿನಲ್ಲಿ ತಿರುಗಿದೆ. ಕಪ್ಪು ಕಾಗದ ಸುತ್ತಿದ ಸೀಸೆಗಳನ್ನು ಕಂಡು ಕೌತಾಳಂ ಬಸ್ಸಿನ ಕಂಡಕ್ಟರು, “ಏಮ್ ಸಾಮಿ, ಬ್ರಾಂಬ್ರು ಸೈತ ಈ ಯಾಪಾರಕ್ಕ ಇಳಿದ್ರಾ?” ಎಂದ. ಸಾರಾಯಿಯಲ್ಲ, ಅಡಿಗೆಯ ಎಣ್ಣೆ ಎಂದರೂ ನಂಬಲಿಲ್ಲ. ಬಿರಡೆ ತೆಗೆಸಿ ಮೂಸಿ ನೋಡಿ, “ಥೂ, ನಿಜಕ್ಕೂ ಎಣ್ಣಿನ” ಎಂದು ಬೇಜಾರು ಪಟ್ಟುಕೊಂಡ. ಅಲ್ಲಿ ಗಾಳಿ ಆಡಿದ್ದರಿಂದ ಆ ಸೀಸೆಯನ್ನು ಚೆಲ್ಲಿ, ಮರುದಿನ ಮತ್ತೆ ಹೋಗಿ ಬೇರೆ ತುಂಬಿಸಿಕೊಂಡು ಬಂದೆ. ಅಷ್ಟು ಕಟ್ಟುನಿಟ್ಟು ನನ್ನದು.

ಒಂದು ದಿನ ಡಾಕ್ಟರಮ್ಮ ಮುಂದಿನ ರೋಗಿಯ ವಿಳಾಸ ಓದಿ ತಲೆ ಎತ್ತಿದರು.

“ಇದು ನಿಮ್ಮ ಮನೆಯದೇ ಅಲ್ವಾ?”

ಹೌದು. ಆ ರೋಗಿ ನನ್ನ ಅಕ್ಕ.

ಅಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಾಯಿ ಹೋದ ಮೇಲೆ ಅಡಿಗೆಮನೆ ಅವಳದಾಯಿತು. ನಸುಕಿನಲ್ಲಿ ತಲೆಗೆ ನೀರು ಹಾಕಿಕೊಂಡು, ಒದ್ದೆ ಬಟ್ಟೆಯಲ್ಲೇ ಒಲೆ ಹಚ್ಚಿ ದೇವರ ಅಡಿಗೆ ಮಾಡುವಳು. ಅವಳು ಮಡಿಯಲ್ಲಿದ್ದಾಗ ನಾನು ಸಹ ಹೊಸ್ತಿಲು ದಾಟುತ್ತಿರಲಿಲ್ಲ. ಒಂದು ವರ್ಷದಿಂದ ಅನ್ನ ಇಳಿಯದೆ ಸೊರಗಿದ್ದಳು. ಬಳ್ಳಾರಿಗೆ ಕರೆದುಕೊಂಡು ಹೋಗಿ ತೋರಿಸಿದಾಗ ಹೊಟ್ಟೆಯಲ್ಲಿ ಗಡ್ಡೆ, ಕ್ಯಾನ್ಸರ್ ಎಂದರು. ಅಲ್ಲಿಂದಲೇ ಅವಳ ಹೆಸರು ಡಾಕ್ಟರಮ್ಮನ ಪಟ್ಟಿಗೆ ಸೇರಿತ್ತು. ಆದರೂ ಅಡಿಗೆಯನ್ನು ಬೇರೆಯವರಿಗೆ ಬಿಟ್ಟಿರಲಿಲ್ಲ.

ಆ ಅಡಿಗೆಮನೆಯ ಮೂಲೆಯಲ್ಲಿ ಎಣ್ಣೆಯ ತಾಮ್ರದ ತಪ್ಪೇಲಿ ಇತ್ತು. ಅಜ್ಜಿಯ ಕಾಲದ್ದು. ಅಕ್ಕ ಅದರ ಹೊರಮೈಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಥಳಥಳ ಹೊಳೆಯಿಸುತ್ತಿದ್ದಳು. ಎಣ್ಣೆಯ ಪಾತ್ರೆ ಮನೆಯಲ್ಲಿ ಬರಿದಾಗಬಾರದು ಎಂಬ ನಂಬಿಕೆಯಿಂದ, ತಳ ಕಾಣುವ ಮೊದಲೇ ನಾನು ಗಿರಣಿಯಿಂದ ತಂದ ಎಣ್ಣೆಯನ್ನು ಅದರ ಮೇಲೆ ಸುರಿಯುವಳು. ಹೀಗಾಗಿ ಅದು ನನಗೆ ನೆನಪಿರುವ ಕಾಲದಿಂದ ಒಮ್ಮೆಯೂ ಪೂರ್ತಿ ಖಾಲಿಯಾಗಿರಲಿಲ್ಲ. ಉಳಿದ ಪಾತ್ರೆಗಳೆಲ್ಲ ವರ್ಷಕ್ಕೊಮ್ಮೆ ಕಲಾಯಿಗಾರನ ಕೈಗೆ ಹೋಗಿ, ಒಳಗೆ ಬೆಳ್ಳಗೆ ತವರ ಹಚ್ಚಿಸಿಕೊಂಡು ಬರುತ್ತಿದ್ದವು. ಇದು ಮಾತ್ರ ಹೋಗುತ್ತಿರಲಿಲ್ಲ. ಬರಿದು ಮಾಡಬೇಕಲ್ಲ! ಪರರ ಕೈಗೆ ಕೊಡಬೇಕಲ್ಲ!

ಸೀಸೆ ಹಿಡಿದು ಹೊಸ್ತಿಲ ಹೊರಗೆ ನಿಂತು ಕೇಳಿದೆ.

“ಏನೋ ಅದು?” ಎಂದಳು ಅಕ್ಕ.

“ಡಾಕ್ಟರಮ್ಮನ ಸೀಸೆ. ಒಂದಿಷ್ಟು ಎಣ್ಣಿ ಹಾಕಿಕೊಡು.”

“ಎಲ್ಲೆಲ್ಲಿ ತಿರುಗಿ ಬಂದದೋ ಏನೋ ಅದು. ಆಸ್ಪತ್ರಿ ಸೀಸೆ ಒಳಗ ತರಬ್ಯಾಡ. ಅದನ್ನ ಮುಟ್ಟಿದ ಸವಟು ಮತ್ತ ನಾ ತಪ್ಪೇಲಿಯೊಳಗ ಅದ್ದಲೇನು?”

“ಪರೀಕ್ಷಾ ಮಾಡ್ತಾರಂತ ಅಕ್ಕ.”

“ಗಿರಣಿಯಿಂದ ನೀನೇ ತರ್ತಿ. ಅದೇ ಎಣ್ಣಿ ಅಲ್ಲೇನು? ಅಲ್ಲೇ ತುಂಬಿಸಿಕೊಂಡು ಹೋಗು. ಮುಂಜಾನೆದ್ದು ನನ್ನ ತಲಿ ತಿನಬ್ಯಾಡ.”

ವಾದ ಮಾಡುವುದಕ್ಕೆ ಮನಸ್ಸಾಗಲಿಲ್ಲ. ಅದೇ ಎಣ್ಣೆ ತಾನೆ ಎಂದು ನನಗೂ ಅನ್ನಿಸಿತು. ಗಿರಣಿಯ ಸೋಸುವ ಯಂತ್ರದ ನಳದಿಂದ ಸೀಸೆಗೆ ತುಂಬಿ, ಅಕ್ಕನ ಹೆಸರಿನ ಚೀಟಿ ಅಂಟಿಸಿದೆ. ಕೈ ಅಂಜಲಿಲ್ಲ. ಅದೇ ನನಗೆ ಈಗಲೂ ಆಶ್ಚರ್ಯ.

ಗಿರಣಿಯ ಗೇಟಿನ ಪಕ್ಕದಲ್ಲಿ ಒಬ್ಬ ಹೆಂಗಸು ಒಗ್ಗಾಣಿ, ಮಿರ್ಚಿಯ ಬಂಡಿ ಇಟ್ಟುಕೊಂಡಿದ್ದಳು. ಎಲ್ಲರೂ ಮಿರ್ಚಿ ಅವ್ವ ಎನ್ನುತ್ತಿದ್ದರು. ಹತ್ತಿ ಜಿನ್ನುಗಳ ಹಮಾಲರು ತಲೆಯ ಮೇಲೆ ಹತ್ತಿಯ ಎಳೆ ಹಾಗೇ ಇರುವಂತೆ ಬಂದು ಅಲ್ಲಿ ನಿಂತು ತಿನ್ನುತ್ತಿದ್ದರು. ಅವಳ ದೊಡ್ಡ ಬಾಣಲೆಯ ಎಣ್ಣೆ ಕಾಕಂಬಿಯಷ್ಟು ಕಪ್ಪು. ನಿನ್ನೆಯ ಎಣ್ಣೆಗೆ ಇವತ್ತಿನದು, ಇವತ್ತಿನದಕ್ಕೆ ನಾಳೆಯದು. ರೋಗಿಗಳಲ್ಲಿ ಇಬ್ಬರು ಹಮಾಲರು ಈ ಬಂಡಿಯಲ್ಲೇ ತಿನ್ನುತ್ತಿದ್ದರಾದ್ದರಿಂದ ಡಾಕ್ಟರಮ್ಮ ತಾವೇ ಬಂದು, ಕಾದ ಬಾಣಲೆಯಿಂದ ಎಣ್ಣೆ ತೆಗೆದು, ಆರಿಸಿ, ಸೀಸೆಗೆ ತುಂಬಿದರು. ಸುತ್ತ ಜನ ನೆರೆದು ನೋಡಿದರು.

ಆ ಮಾದರಿಗೆ ನಾವಿಬ್ಬರೂ ಬ್ಯುರೆಟ್ಟನ್ನು ತುಂಬಿಟ್ಟುಕೊಂಡು ಕಾದೆವು. ಕಡುನೀಲಿ ಬರುತ್ತದೆ ಎಂದು ನನ್ನ ಎಣಿಕೆ. ಬಂದದ್ದು ತೆಳುನೀಲಿ. ಸ್ವಲ್ಪ ಹನಿಗೇ ಹೋಯಿತು. ಮತ್ತೆ ಮಾಡಿದೆವು. ಅದೇ.

“ಹೊಗೆ ಏಳೋ ಎಣ್ಣೆಯಲ್ಲಿ ಇಷ್ಟೇನಾ!” ಎಂದು ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು. ಆಮೇಲೆ ನಿಧಾನವಾಗಿ ನಕ್ಕರು. “ಇಲ್ಲ ಆಚಾರ್ರೇ, ತಪ್ಪು ನಮ್ಮದು. ಬಾಣಲೆಯ ಕಾವಿಗೆ ಪೆರಾಕ್ಸೈಡ್ ನಿಲ್ಲಲ್ಲ, ಒಡೆದು ಬೇರೆ ಏನೇನೋ ಆಗುತ್ತೆ. ಕಳ್ಳ ಮನೆ ಬಿಟ್ಟು ಹೋದಮೇಲೆ ನಾವು ಬಂದು ಬಾಗಿಲು ತಟ್ತಾ ಇದ್ದೀವಿ. ಈ ಎಣ್ಣೆಗೆ ಬೇರೆ ಪರೀಕ್ಷೆ ಬೇಕು, ಅದರ ಸಾಮಾನು ತರಿಸ್ತೀನಿ.”

ಅವರು ಅಕ್ಕನ ಹೆಸರಿನ ಸೀಸೆಯನ್ನೂ ನೋಡಿದರು. ಎರಡು ಮೂರು ಹನಿ. “ನಿಮ್ಮ ಮನೆ ಎಣ್ಣೆ ತುಂಬ ಚೆನ್ನಾಗಿದೆ” ಎಂದರು. ನಾನು ತಲೆ ಆಡಿಸಿದೆ.

ಊರಲ್ಲಿ ಮಾತು ಬೇರೆಯೇ ಹಬ್ಬಿತು. ಡಾಕ್ಟರಮ್ಮ ಮಿರ್ಚಿ ಎಣ್ಣೆಯನ್ನು ಸೀಸೆಗೆ ತುಂಬಿಕೊಂಡು ಹೋದದ್ದನ್ನು ಎಲ್ಲರೂ ಕಂಡಿದ್ದರು. ಕಂಡದ್ದಕ್ಕೆ ತಾವೇ ಅರ್ಥ ಹಚ್ಚಿದರು. ಒಂದು ಮಧ್ಯಾಹ್ನ ಮಿರ್ಚಿ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಕೋಣೆಯ ಬಾಗಿಲಿಗೇ ಬಂದಳು.

“ಏನ್ ಸಾಮಿ, ನನ್ನ ಬಾಣಲಿಗೆ ಏನ್ ರೋಗ ಐತಂತ? ಆ ಡಾಕ್ಟರಮ್ಮ ಏಮ್ ಚೆಪ್ಪಿಂದಿ, ಏನ್ ಹೇಳಿದ್ಲು?”

“ಇನ್ನೂ ಏನೂ ಗೊತ್ತಾಗಿಲ್ಲವ್ವ.”

“ಗೊತ್ತಾಗಿಲ್ಲಂತ ನೀವಂತೀರಿ. ಹಮಾಲರು ‘ಒಂದ್ ಪ್ಲೇಟ್ ಕ್ಯಾನ್ಸರ್ ಕೊಡವ್ವ’ ಅಂತ ನಗತಾರ. ನಕ್ಕೊಂತ ತಿಂದಿದ್ರ ನಾನೂ ನಗತಿದ್ದೆ. ನಕ್ಕೊಂತ ಮುಂದಿನ ಬಂಡಿಗೆ ಹೊಕ್ಕಾರ!”

“ನಾಲ್ಕು ದಿನ ತಾಳವ್ವ.”

“ನಾ ತಾಳತೀನಿ ಸಾಮಿ. ಕಲಸಿದ ಹಿಟ್ಟು ತಾಳತೈತೇನು?”

ಕೆಲವು ದಿನಗಳಾದ ಮೇಲೆ ಮಾಲೀಕರು ನಮ್ಮಿಬ್ಬರನ್ನೂ ಕರೆಸಿದರು. ಎಣ್ಣೆಯ ವ್ಯಾಪಾರಿ, ಎಣ್ಣೆಯ ಮೇಲೆ ಅಪವಾದ ಬಂದರೆ ಅವರಿಗೆ ನಿದ್ದೆ ಬಾರದು. ಡಾಕ್ಟರಮ್ಮ ತಮಗೆ ಕಂಡಷ್ಟನ್ನು ಹೇಳಿದರು. ರೋಗಿಗಳ ಮನೆಗಳ ಎಣ್ಣೆ ಬಹುಮಟ್ಟಿಗೆ ಚೆನ್ನಾಗಿದೆ. ದೋಷ ಏನಾದರೂ ಇದ್ದರೆ ಹೊರಗೆ ಕರಿದು ಮಾರುವ ಎಣ್ಣೆಯಲ್ಲಿ ಹುಡುಕಬೇಕೇನೋ, ಅದರ ಪರೀಕ್ಷೆಯ ಸಾಮಾನು ಬಂದಿಲ್ಲ, ಇನ್ನೂ ಖಚಿತವಿಲ್ಲ. ಮಾತಿನ ನಡುವೆ, “ಈಗ ಆಚಾರ್ರ ಅಕ್ಕನನ್ನೇ ತಗೊಳ್ಳಿ. ಅವರು ಹೊರಗೆ ತಿಂದವರೇ ಅಲ್ಲ, ಮನೆಯ ಎಣ್ಣೆಯೂ ಶುದ್ಧ. ಅವರಿಗೆ ಬಂದದ್ದು ಬೇರೆ ಕಾರಣಕ್ಕೇ ಇರಬೇಕು” ಎಂದರು.

ಮಾಲೀಕರಿಗೆ “ಹೊರಗೆ ಕರಿದು ಮಾರುವ” ಎಂಬಷ್ಟೇ ಕಿವಿಗೆ ಬಿತ್ತು. ಸಂಕ್ರಾಂತಿ ಕಳೆದ ಮೇಲೆ ಬಂಡಿ ಗೇಟಿನ ಹತ್ತಿರ ಇರಬಾರದು ಎಂದುಬಿಟ್ಟರು.

ಅಕ್ಕನ ಮಾತು ಬಂದಾಗಿನಿಂದ ನನಗೆ ಒಂದು ಕುತೂಹಲ ಕೊರೆಯತೊಡಗಿತು. ನಳದಿಂದ ಹಿಡಿದ ಎಣ್ಣೆ ಶುದ್ಧವಾಗಿತ್ತು, ಸರಿ. ತಪ್ಪೇಲಿಯದು? ಆ ಸಂಜೆ ಅಕ್ಕ ಹುರಿದುಕೊಟ್ಟ ಅವಲಕ್ಕಿಯನ್ನು ಬಾಯಿಗೆ ಹಾಕುವ ಮೊದಲು ಮೂಸಿದೆ. ಬಾಗಿಲಿಗೆ ಹಚ್ಚುವ ಬಣ್ಣದ ಡಬ್ಬಿ ತೆರೆದಾಗ ಬರುವಂಥ ವಾಸನೆ, ತೀರಾ ಸಣ್ಣಗೆ. ಅದು ನನಗೆ ಹುಟ್ಟಿದಾಗಿನಿಂದ ಪರಿಚಿತ. ನಮ್ಮ ಮನೆಯ ಅಡಿಗೆಯ ವಾಸನೆಯೇ ಅದು ಎಂದುಕೊಂಡಿದ್ದೆ.

ಮರುದಿನ ನಸುಕಿನಲ್ಲಿ, ಅಕ್ಕ ಬಚ್ಚಲಿನಲ್ಲಿದ್ದಾಗ, ನಾನೂ ಬಾವಿಯ ನೀರು ಹಾಕಿಕೊಂಡು ಒದ್ದೆ ಪಂಚೆಯಲ್ಲೇ ಒಳಗೆ ಹೋದೆ. ಕದಿಯುವುದಕ್ಕೂ ಮಡಿ ಬೇಕಾಯಿತು ನೋಡಿ. ಸೌಟಿನಲ್ಲಿ ಎಣ್ಣೆ ತೆಗೆದು ತೊಳೆದ ಲೋಟಕ್ಕೆ ಹಾಕಿಕೊಂಡೆ. ಎಣ್ಣೆ ಇಳಿದಿದ್ದ ಕಡೆ ತಪ್ಪೇಲಿಯ ಒಳಗೋಡೆಯ ಮೇಲೆ ಹಸಿರು ಕಿಲುಬು ಕಟ್ಟಿತ್ತು.

ಡಾಕ್ಟರಮ್ಮ ಎಮ್ಮಿಗನೂರಿಗೆ ಹೋದ ದಿನ ನೋಡಿ ಒಬ್ಬನೇ ಪರೀಕ್ಷೆ ಮಾಡಿದೆ. ಅಯೊಡೈಡ್ ಹಾಕಿ ಕಪಾಟಿನಿಂದ ಹೊರತೆಗೆದಾಗ ದ್ರಾವಣ ಹಳದಿಯಾಗಿರಲಿಲ್ಲ, ಕಂದಾಗಿತ್ತು. ಗಂಜಿ ಹಾಕಿದರೆ ಮಸಿಯಂಥ ನೀಲಿ. ಹನಿ ಬಿಡುತ್ತಾ ಹೋದೆ. ಬ್ಯುರೆಟ್ಟು ತಳಕ್ಕೆ ಬಂತು, ನೀಲಿ ಹೋಗಲಿಲ್ಲ. ಮತ್ತೆ ತುಂಬಿ ಮತ್ತೆ ಬಿಟ್ಟೆ. ಬೇರೆ ಪಾತ್ರೆಯಲ್ಲಿ ಇನ್ನೊಮ್ಮೆ ಮಾಡಿದೆ. ಎಣ್ಣೆಯಿಲ್ಲದೆ ಬರೀ ರಾಸಾಯನಿಕಗಳನ್ನು ಇಟ್ಟು ನೋಡಿದೆ, ಅವುಗಳಲ್ಲಿ ದೋಷವಿರಲಿಲ್ಲ. ಆ ಚಳಿಗಾಲದಲ್ಲಿ ಊರೂರು ತಿರುಗಿ ನಾವು ತಂದ ಎಲ್ಲ ಎಣ್ಣೆಗಳಿಗಿಂತ ಹೆಚ್ಚು ನೀಲಿ ಕೊಟ್ಟದ್ದು ನಮ್ಮ ದೇವರ ಅಡಿಗೆಯ ಎಣ್ಣೆ.

ಆಗ ನಾನು ಎದ್ದು ಹೋಗಿ ಹೇಳಬೇಕಾಗಿತ್ತು. ಹೇಳಲಿಲ್ಲ. ಅದರ ಬದಲು ಏಕೆ ಹೀಗಾಯಿತು ಎಂದು ನೋಡಲು ಕೂತೆ. ಮೂರು ಸೀಸೆಗೆ ಗಿರಣಿಯ ತಾಜಾ ಎಣ್ಣೆ ಹಾಕಿದೆ. ಒಂದನ್ನು ಹಾಗೇ ಬಿಟ್ಟೆ. ಒಂದಕ್ಕೆ ತಪ್ಪೇಲಿಯ ಹಳೆಯ ಎಣ್ಣೆ ಸ್ವಲ್ಪ ಬೆರೆಸಿದೆ. ಮೂರನೆಯದಕ್ಕೆ ತಾಮ್ರ ಬೇಕಿತ್ತು. ಸಂಧ್ಯಾವಂದನೆಯಲ್ಲಿ ನೀರು ಎತ್ತುವ ನನ್ನ ತಾಮ್ರದ ಪುಟ್ಟ ಚಮಚ, ಉದ್ಧರಣೆಯನ್ನು ಅದರೊಳಗೆ ಇಳಿಬಿಟ್ಟೆ. ಮೂರನ್ನೂ ಕಿಟಕಿಯಲ್ಲಿಟ್ಟೆ. ಅಷ್ಟು ದಿನ ಅಂಗೈಯಿಂದಲೇ ಆಚಮನ ಮಾಡಿದೆ. ಉದ್ಧರಣೆ ಎಲ್ಲಿ ಎಂದು ಅಕ್ಕ ಕೇಳಿದ್ದಕ್ಕೆ, ಗಿರಣಿಯಲ್ಲಿ ಮರೆತೆ ಎಂದೆ. ಆಗಾಗ ತೆಗೆದು ಪರೀಕ್ಷಿಸುತ್ತಿದ್ದೆ. ಹಾಗೇ ಬಿಟ್ಟ ಎಣ್ಣೆ ನಿಧಾನಕ್ಕೆ ಏರಿತು. ಹಳೆಯದು ಬೆರೆತದ್ದು ಬೇಗ ಏರಿತು. ಉದ್ಧರಣೆ ಇದ್ದದ್ದು ಎಲ್ಲಕ್ಕಿಂತ ಮುಂದೆ ಓಡಿತು. ನನಗೆ ಅರ್ಥವಾಯಿತು: ಕಲಾಯಿ ಇಲ್ಲದ ತಾಮ್ರ ಒಂದು, ಎಂದೂ ಬರಿದಾಗದ ತಳದ ಎಣ್ಣೆ ಇನ್ನೊಂದು, ಎರಡೂ ಸೇರಿ ನಾನು ತಂದ ಒಳ್ಳೆಯ ಎಣ್ಣೆಯನ್ನು ಕೆಡಿಸುತ್ತಿದ್ದವು.

ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೆ ಸಂತೋಷವಾಗಿತ್ತು. ನನ್ನಷ್ಟಕ್ಕೆ ನಾನೇ ಒಂದು ಪ್ರಶ್ನೆ ಹಾಕಿಕೊಂಡು ಉತ್ತರ ಕಂಡುಕೊಂಡದ್ದು ಬದುಕಿನಲ್ಲಿ ಅದೇ ಮೊದಲು. ಕಿಟಕಿಯ ಮುಂದೆ ನಾನು ಹಿಗ್ಗುತ್ತಿದ್ದಾಗ ಅದೇ ಕಿಟಕಿಯಾಚೆ ಮಿರ್ಚಿ ಅವ್ವ ತಣ್ಣಗಾದ ಮಿರ್ಚಿಗಳನ್ನು ಮತ್ತೆ ಮತ್ತೆ ಬಿಸಿಮಾಡುತ್ತಿದ್ದಳು. ಡಾಕ್ಟರಮ್ಮನ ಲೆಕ್ಕದಲ್ಲಿ ಮನೆಗಳ ಎಣ್ಣೆ ಒಳ್ಳೆಯದೆಂದು ಬಂದದ್ದರಲ್ಲಿ ನನ್ನ ಸುಳ್ಳು ಸೀಸೆಯ ಪಾಲಿತ್ತು. ಹೇಳಿದರೆ ಅಕ್ಕನಿಗೆ ತಿಳಿಯುತ್ತದೆ. ತಾನು ಜನ್ಮವಿಡೀ ಕಾಪಾಡಿಕೊಂಡು ಬಂದದ್ದೇ ತನ್ನ ಹೊಟ್ಟೆ ಸೇರಿತೇನೋ ಎಂದುಕೊಂಡು ಸಾಯುತ್ತಾಳೆ. ಅಕ್ಕನಿಗಾಗಿ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಪೂರ್ತಿ ಅಕ್ಕನಿಗಾಗಿ ಅಲ್ಲ. ಆ ಎಣ್ಣೆಯನ್ನು ಮನೆಗೆ ತಂದುಕೊಡುತ್ತಿದ್ದವನು ನಾನು. ಪ್ರತಿದಿನ ಎಣ್ಣೆ ಮೂಸುವುದೇ ನನ್ನ ಕಸುಬಾಗಿತ್ತು.

ಸಂಕ್ರಾಂತಿಯ ಮರುದಿನ ಕೆಲಸಕ್ಕೆ ಹೋದಾಗ ಮಿರ್ಚಿ ಅವ್ವ ಬಂಡಿಯ ಗಾಲಿಗೆ ಕೊಟ್ಟಿದ್ದ ಕಲ್ಲುಗಳನ್ನು ತೆಗೆಯುತ್ತಿದ್ದಳು. ನನ್ನನ್ನು ಕಂಡು ಬೈಯಲಿಲ್ಲ. “ಒಂದ್ ಕೈ ಹಚ್ಚತೀರೇನ್ ಸಾಮಿ? ಮಡಿ ಹೋಗೂದಾದ್ರ ಬ್ಯಾಡ” ಎಂದಳು. ನಾನು ಕೈ ಹಚ್ಚಲಿಲ್ಲ. ತಿರುಗಿ ಮನೆಗೆ ಬಂದೆ.

ಅಕ್ಕ ಒಲೆಯ ಮುಂದೆ ಗೋಡೆಗೆ ಒರಗಿ ಕೂತಿದ್ದಳು.

“ಅಕ್ಕಾ, ನಮ್ಮ ಎಣ್ಣಿ ಕೆಟ್ಟದ.”

“ಯಾವುದು?”

“ತಪ್ಪೇಲಿದು.”

“ಅದು ಹ್ಯಾಂಗ ಕೆಡ್ತದ? ಯಾರೂ ಮುಟ್ಟಿಲ್ಲ.”

“ಯಾರೂ ಮುಟ್ಟದ್ದಕ್ಕ ಕೆಟ್ಟದ ಅಕ್ಕ. ಬರಿದಾಗಿಲ್ಲ, ಕಲಾಯಿ ಆಗಿಲ್ಲ.” ಉಳಿದದ್ದನ್ನೆಲ್ಲ ಹೇಳಿದೆ. ಸುಳ್ಳು ಸೀಸೆ, ಕಿಟಕಿಯ ಮೂರು ಸೀಸೆ, ಉದ್ಧರಣೆ, ಗೇಟಿನ ಬಂಡಿ.

ಅವಳು ತಪ್ಪೇಲಿಯ ಕಡೆ ತಿರುಗಿದಳು.

“ನನ್ನ ಹೊಟ್ಟಿಗೂ ಅದಕ್ಕೂ ಸಂಬಂಧ ಅದ ಏನು?”

“ಗೊತ್ತಿಲ್ಲ.”

“ಆ ಡಾಕ್ಟರಮ್ಮಗ?”

“ಅವರಿಗೂ ಗೊತ್ತಿಲ್ಲ. ತಿಳಕೊಳ್ಳಲಿಕ್ಕೇ ಬಂದಾರ.”

“ತಿಳಕೊಳ್ಳಲಿಕ್ಕೆ ಬಂದಾಕಿಗೆ ನೀ ನಳದ ಎಣ್ಣಿ ಕೊಟ್ಟಿ.”

“ನೀನೇ ಅಂದಿ, ಅಲ್ಲೇ ತುಂಬಿಸಿಕೋ ಅಂತ…”

“ನಾ ಅಂದೆ. ನಾ ಎಣ್ಣಿ ಪರೀಕ್ಷಾ ಮಾಡಾಕಿ ಅಲ್ಲ. ನೀ ಮಾಡಾಂವ.” ದನಿ ಏರಿಸಲಿಲ್ಲ. ಏರಿಸಲು ಶಕ್ತಿಯೂ ಇರಲಿಲ್ಲ. “ಸೀಸೆ ಎಲ್ಲದ? ತಾ. ಒಳಗ ತಾ.”

“ಆಸ್ಪತ್ರಿ ಸೀಸೆ ಅಕ್ಕ.”

“ನಾನೂ ಆಸ್ಪತ್ರಿಗೆ ಹೋಗಿ ಬಂದೀನಲ್ಲೋ. ನನ್ನನ್ನ ಒಳಗ ಬಿಟ್ಟಿಲ್ಲೇನು?”

ಚೀಲದಲ್ಲಿ ಒಂದು ಖಾಲಿ ಸೀಸೆ ಇತ್ತು. ಒಯ್ದು ಕೊಟ್ಟೆ. ಅವಳು ಎಡಗೈಯಲ್ಲಿ ಸೀಸೆ ಹಿಡಿದು, ಬಲಗೈಯ ಸೌಟಿನಿಂದ ಎಣ್ಣೆ ಎತ್ತಿ ಸುರಿದಳು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಕಂಠದವರೆಗೆ ತುಂಬಬೇಕು ಅಕ್ಕ ಎಂದೆ. ಕಂಠದವರೆಗೆ ತುಂಬಿದಳು.

ಡಾಕ್ಟರಮ್ಮ ನನ್ನ ಮಾತನ್ನು ನಿಂತೇ ಕೇಳಿದರು. ಆ ಸೀಸೆಯನ್ನು ತಾವೇ ಪರೀಕ್ಷಿಸಿದರು. ಬ್ಯುರೆಟ್ಟು ಒಮ್ಮೆ ಬರಿದಾಗಿ ಮತ್ತೆ ತುಂಬಿಸುವಾಗ ಕುತೂಹಲದಿಂದ ಕೇಳಿದರು: “ತಾಮ್ರಕ್ಕೆ ಒಳಗೆ ಕಲಾಯಿ ಇರಲೇ ಇಲ್ವಾ?” ನಾನು ಕಿಟಕಿಯ ಸೀಸೆಗಳನ್ನು ತೋರಿಸಿದೆ. ಉದ್ಧರಣೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಎಷ್ಟು ಚೆನ್ನಾಗಿ ಮಾಡಿದ್ದೀರಿ!” ಎಂದರು. ಕೋಪ ಬಂದದ್ದು ಅದಾದ ಮೇಲೆ.

“ಇಷ್ಟು ಬಲ್ಲವರು ಹಾಗೆ ಮಾಡಿದಿರಲ್ಲ. ಒಂದು ಸೀಸೆ ಸುಳ್ಳಾದರೆ ಉಳಿದವು ನಿಜ ಅಂತ ನಾನು ಹೇಗೆ ನಂಬಲಿ?”

“ಉಳಿದವೆಲ್ಲ ನಿಜ ಅಮ್ಮಾ. ದೇವರಾಣೆ.”

“ನಿಮ್ಮ ಆಣೆಯನ್ನ ನಾನು ನಂಬಬಹುದು. ನನ್ನ ಕೆಲಸ ನಂಬಬಾರದಲ್ಲ.”

ಕಪಾಟು ತೆಗೆದು, ನಾನು ಒಬ್ಬನೇ ಹೋಗಿ ತಂದ ಸೀಸೆಗಳನ್ನೆಲ್ಲ ಒಂದೊಂದಾಗಿ ಎತ್ತಿ ನೆಲದ ಮೇಲಿಟ್ಟರು. ಕೌತಾಳಂನ ಕಂಡಕ್ಟರು ಮೂಸಿದ್ದಕ್ಕೆ ಎರಡನೆಯ ಸಲ ಹೋಗಿ ತಂದದ್ದೂ ಅದರಲ್ಲಿತ್ತು. ಕಪಾಟಿನಲ್ಲಿ ಅವರು ತಾವೇ ತೆಗೆದ ಕೆಲವು ಮಾತ್ರ ಉಳಿದವು. ಅಷ್ಟರಿಂದ ಏನೂ ಹೇಳಲಾಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಚಳಿಗಾಲದ ಪ್ರಶ್ನೆ ಪ್ರಶ್ನೆಯಾಗಿಯೇ ನಿಂತಿತು, ನನ್ನಿಂದ.

ಅವರು ಮಾಲೀಕರ ಬಳಿ ಹೋಗಿ, “ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ತೀನಿ. ಬಂಡಿಯ ಎಣ್ಣೆಯಿಂದ ಯಾರಿಗಾದರೂ ರೋಗ ಬಂತು ಅಂತ ಹೇಳೋದಕ್ಕೆ ನನ್ನಲ್ಲಿ ಆಧಾರವಿಲ್ಲ” ಎಂದರು. ಮಾಲೀಕರು ಬಂಡಿಯನ್ನು ಮತ್ತೆ ನಿಲ್ಲಲು ಬಿಟ್ಟರು, ನನ್ನನ್ನು ಪರೀಕ್ಷೆಯ ಕೋಣೆಯಿಂದ ಶೇಂಗಾ ತೂಗುವ ಅಂಗಳಕ್ಕೆ ಹಾಕಿದರು. ಅದು ನ್ಯಾಯವೇ. ಊರು ಬಿಡುವ ಮೊದಲು ಡಾಕ್ಟರಮ್ಮ ಮಿರ್ಚಿ ಅವ್ವನಿಗೂ ಒಂದು ಮಾತು ಹೇಳಿದರು: ಎಣ್ಣೆಯಿಂದ ರೋಗ ಬರುತ್ತದೆಂದು ನಾನು ಹೇಳಲಾರೆ, ಒಳ್ಳೆಯದೆಂದೂ ಹೇಳಲಾರೆ, ಸಣ್ಣ ಬಾಣಲೆ ಇಟ್ಟುಕೋ, ಅಂದಂದಿನದು ಅಂದಂದಿಗೆ ಮುಗಿಯಲಿ.

ಬಂಡಿ ಬಂತು. ಗಿರಾಕಿ ಬರಲಿಲ್ಲ. ಮಾತು ಕೇಳಿ ಹೋದ ಜನ ಮಾತು ಕೇಳಿ ತಿರುಗಿ ಬರುವುದಿಲ್ಲವೇನೋ. ಊಟದ ಹೊತ್ತಿಗೆ ಹಮಾಲರು ಗೇಟಿನಲ್ಲಿ ಗುಂಪಾಗಿ ನಿಂತಿದ್ದಾಗ ನಾನು ಅಂಗಳದಿಂದ ಹೊರಟು, ರಸ್ತೆ ದಾಟಿ, ಅವಳ ಬಂಡಿಯ ಮುಂದೆ ನಿಂತೆ. ಹಣೆಯ ಮೇಲೆ ಅಂಗಾರ ಅಕ್ಷತೆ ಹಾಗೇ ಇದ್ದವು. ನಮ್ಮ ಮನೆಯವರು ಹೊರಗೆ ನೀರು ಸಹ ಕುಡಿಯುವುದಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತು.

“ಏನ್ ಸಾಮಿ, ದಾರಿ ತಪ್ಪೀರೇನು?”

“ಒಂದ್ ಪ್ಲೇಟ್ ಮಿರ್ಚಿ ಕೊಡವ್ವ.”

“ಯಾರಿಗಿ?”

“ನನಗ.”

ಜಾಲರಿ ಸೌಟು ಅವಳ ಕೈಯಲ್ಲೇ ನಿಂತಿತು. “ನಿಮ್ಮ ಓಣಿ ಮಂದಿ ನೋಡಿದ್ರ?”

“ನೋಡಲಿ ಅಂತನ ನಿಂತೀನಿ.”

ಬಂದ ಕೆಲಸ ಬರೀ ತಿನ್ನುವುದಾಗಿರಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದೆ: “ಅವ್ವ, ನಾವು ಮಾಡಿದ ಪರೀಕ್ಷಾದೊಳಗ ನಿನ್ನ ಬಾಣಲಿಗಿಂತ ನಮ್ಮ ಮನಿ ಎಣ್ಣಿ ಕೆಟ್ಟಿತ್ತು. ನನಗ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.”

ಅವಳು ನನ್ನ ಮುಖವನ್ನೂ ಆಮೇಲೆ ಹಮಾಲರ ಗುಂಪನ್ನೂ ನೋಡಿದಳು. ಅವರೆಲ್ಲ ಇತ್ತಲೇ ನೋಡುತ್ತಿದ್ದರು.

“ಹಂಗಾರ ಎರಡ್ ಪ್ಲೇಟ್ ತಿನ್ರಿ” ಎಂದಳು. “ಜಲ್ದಿ ತಿನ್ನಬ್ಯಾಡ್ರಿ. ಸಾವಕಾಶ ತಿನ್ರಿ. ಇನ್ನೂ ಇಬ್ರು ಅತ್ತಾಗಿಂದ ಬರಾಕತ್ಯಾರ, ಅವ್ರೂ ನೋಡ್ಲಿ.”

ಬಾಣಲೆ ಸಣ್ಣದಾಗಿತ್ತು. ಎಣ್ಣೆ ಆ ದಿನದ್ದೇ, ನಮ್ಮ ಗಿರಣಿಯದೇ. ನೊರೆಯಿಲ್ಲದೆ ತಿಳಿಯಾಗಿ ಕುದಿಯುತ್ತಿತ್ತು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಹಮಾಲರು ಅದನ್ನು ಕಂಡು ನಕ್ಕರು. ನಕ್ಕವರಲ್ಲಿ ಒಬ್ಬ ಬಂದು ನನ್ನ ಪಕ್ಕದಲ್ಲಿ ನಿಂತ. “ನನಗೂ ಒಂದ್ ಪ್ಲೇಟ್ ಹಾಕವ್ವ” ಎಂದ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಅಕ್ಕ ಆಗಲೇ ಹಾಸಿಗೆ ಹಿಡಿದಿದ್ದಳು. ತಪ್ಪೇಲಿಯನ್ನು ಅವಳೇ ಹೇಳಿ ಬರಿದು ಮಾಡಿಸಿ ಕಲಾಯಿಗೆ ಕೊಟ್ಟಾಗಿತ್ತು. ಬೈಗುಳಕ್ಕೆ ಸಿದ್ಧನಾಗಿ ಹೋಗಿ ಕಾಲ ಬಳಿ ಕೂತೆ.

“ಹ್ಯಾಂಗಿತ್ತೋ?” ಎಂದಳು.

“ಖಾರ ಇತ್ತು.”

“ಖಾರ ಬಿಡು. ಎಣ್ಣಿ ಹ್ಯಾಂಗಿತ್ತು? ಕೈ ತಾ ಇಲ್ಲಿ.”

ನಾನು ಕೈ ತೊಳೆದಿರಲಿಲ್ಲ. ಹೊರಗಿನದನ್ನು ತಿಂದ ಆ ಕೈಯನ್ನು ಅವಳು ತನ್ನ ಎರಡೂ ಕೈಗಳಿಂದ ಹಿಡಿದು ಮೂಗಿನ ಹತ್ತಿರ ತಂದುಕೊಂಡಳು. ಕಣ್ಣು ಮುಚ್ಚಿ ಮೂಸಿದಳು. ಬಿಡದೆ ಇನ್ನೊಮ್ಮೆ ಮೂಸಿದಳು.

“ತಮ್ಮಾ” ಎಂದಳು, “ಎಣ್ಣಿ ವಾಸನಿ ಹಿಂಗ ಇರ್ತದೇನು?”